ಗಂಟೆಗೆ ಮೂರು ನಿಮಿಷ

ಮುಂಡರಗಿಯ ಆ ಎರಡನೆಯ ಮಹಡಿಯ ಕೋಣೆಗೆ ಬಂದ ಕೂಡಲೇ ಕಾಂಚನಾ ಬಸವಣ್ಣನ ಪಟಕ್ಕೆ ಊದಿನಕಡ್ಡಿ ಹಚ್ಚುತ್ತಿದ್ದಳು. ಆಮೇಲೆ ಡೆಟಾಲ್ ಹಾಕಿದ ಬಟ್ಟೆಯಿಂದ ವೈರ್‌ಲೆಸ್ ಸೆಟ್ಟಿನ ಮೈಕು ಒರೆಸುತ್ತಿದ್ದಳು.

ಆ ಮೈಕನ್ನು ಅವಳ ಹೊರತು ಯಾರೂ ಮುಟ್ಟುತ್ತಿರಲಿಲ್ಲ. ಆದರೂ ಒರೆಸುತ್ತಿದ್ದಳು. ಆ ಸೆಟ್ಟಿನೊಳಗಿಂದ ದಿನವಿಡೀ ಬಂದು ಬೀಳುತ್ತಿದ್ದ ಮಾತು ಅಂಥದು.

ಕಪ್ಪತಗುಡ್ಡದ ಮೇಲೆ ಅವಳ ಕಂಪನಿಯ ಎಂಟು ಗಾಳಿಯಂತ್ರಗಳಿದ್ದವು. ರಿಪೇರಿಗೆಂದು ಆಳುಗಳು ಕಂಬ ಏರುವ ಮೊದಲು ಯಂತ್ರ ನಿಲ್ಲಿಸಿ, ‘ಏರ್ರಿ’ ಎಂದು ಹೇಳುವವಳು ಇವಳು. ಗುಡ್ಡದ ಸಂದಿಯಲ್ಲಿ ಮೊಬೈಲು ಸಿಗುವುದಿಲ್ಲ. ಎಲ್ಲ ವೈರ್‌ಲೆಸ್ಸಿನ ಮೇಲೆಯೇ. ಗಂಟೆಗೊಮ್ಮೆ ಒಂದರಿಂದ ಎಂಟರವರೆಗೆ ಹಾಜರಿ ಕರೆದು, ಎಲ್ಲರ ದನಿ ಕೇಳಿದ ಮೇಲೆಯೇ ಅವಳ ಎದೆ ತಣ್ಣಗಾಗುತ್ತಿತ್ತು.

ಪಕ್ಕದ ಚಾನೆಲ್ಲು ಶಿರಹಟ್ಟಿ ಕಡೆಯ ಒಂದು ಕಲ್ಲು ಕ್ವಾರಿಯದು. ಅದರ ಮಾತೆಲ್ಲ ಬೇಲಿ ಮುರಿದ ಹಂದಿಗಳ ಹಾಗೆ ಇವಳ ಚಾನೆಲ್ಲಿಗೆ ನುಗ್ಗುತ್ತಿತ್ತು. ಗುಟ್ಕಾ ಉಗುಳುವ ಸದ್ದು, ತೇಗು, ಅವ್ವ-ಅಕ್ಕ ಸೇರಿಸಿದ ಬೈಗಳು. ಊಟದ ಡಬ್ಬಿ ತೆರೆದಾಗ ‘ಥೂ’ ಎಂದು ಯಾರೋ ಕಿವಿಯಲ್ಲೇ ಉಗುಳಿದಂತಾಗಿ, ಅವ್ವ ಅನ್ನಪೂರ್ಣವ್ವ ಕಟ್ಟಿಕೊಟ್ಟ ರೊಟ್ಟಿಯನ್ನು ಎಷ್ಟೋ ದಿನ ಹಾಗೇ ಮುಚ್ಚಿಟ್ಟಿದ್ದಳು.

“ಗುಡ್ಡದ ಕೋಗಿಲಿ ಕೂಗ್ತು ನೋಡ್ರಲೇ!” ಎಂದಿತ್ತು ಒಮ್ಮೆ ಒಂದು ದನಿ. ಹಿಂದೆಯೇ ನಾಲ್ಕೈದು ನಗೆಗಳು, ಕಫ ತುಂಬಿದ ನಗೆಗಳು.

ಆ ದನಿಗಳಿಗೆ ಹೆಸರಿರಲಿಲ್ಲ. ಒಂದನ್ನು ಬಿಟ್ಟು. “ಕ್ವಾರಿ, ಸುನಿಲಕುಮಾರ ಮಾತಾಡಾಕತ್ತೇನಿ...” ಎಂದು ಪ್ರತಿ ಸಲವೂ ಶುರುವಾಗುವ ಒಂದು ದನಿ ಇತ್ತು. ಅಷ್ಟು ಕೇಳುತ್ತಲೇ ಕಾಂಚನಾ ವಾಲ್ಯೂಮ್ ಇಳಿಸುತ್ತಿದ್ದಳು. ಮುಂದೆ ಅವನು ಏನು ಹೇಳುತ್ತಾನೆಂದು ಒಂದು ದಿನವೂ ಕೇಳಿದವಳಲ್ಲ.

ಒಂದು ದಿನ ಹನ್ನೊಂದೂ ಹತ್ತಕ್ಕೆ ಶೇಖಸಾಬ ಐದನೇ ಕಂಬದ ಬುಡದಲ್ಲಿದ್ದರು. ಎಲ್ಲರಿಗಿಂತ ಹಿರಿಯ ಆಳು. ಅವಳನ್ನು ‘ಬೇಟಿ’ ಎನ್ನುವವರು. ಯಂತ್ರ ಇನ್ನೂ ತಿರುಗುತ್ತಿತ್ತು. ‘ಇನ್ನೂ ಏರಬ್ಯಾಡ್ರಿ ಚಾಚಾ’ ಎಂಬ ಅವಳ ಮಾತಿನ ಮೇಲೆ ಕ್ವಾರಿಯ ನಗೆ ಕವುಚಿಕೊಂಡು ಬಿತ್ತು. ‘ಏರ’ ಎಂಬಷ್ಟೇ ಕಿವಿಗೆ ಬಿದ್ದು ಶೇಖಸಾಬ ಏರಿಬಿಟ್ಟರು. ದೇವರು ದೊಡ್ಡವನು, ಕೈಗವಸು ಹರಿದದ್ದಷ್ಟೇ ಆಯಿತು.

ಅಂದು ಸಂಜೆಯೇ ಅವಳು ಗದಗಿನ ವೈರ್‌ಲೆಸ್ ಅಧಿಕಾರಿಗೆ ದೂರು ಬರೆದಳು. ಯಾರ ಮೇಲೆ? ಗೊತ್ತಿದ್ದದ್ದು ಒಂದೇ ಹೆಸರು. ‘ಸುನಿಲಕುಮಾರ ಎಂಬಾತನ ಹೊಲಸು ಬಾಯಿಯಿಂದ ಮನುಷ್ಯರ ಜೀವಕ್ಕೆ ಅಪಾಯ’ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಳು.

ತಿಂಗಳು ಕಳೆಯಿತು. ಚಾನೆಲ್ಲುಗಳ ನಡುವಿನ ಅಂತರ ಹೊಸದಾಗಿ ಗೊತ್ತುಮಾಡಿ ಆದೇಶ ಬಂತು. ಸೆಟ್ಟುಗಳನ್ನು ತಿದ್ದಲು ಗದಗಿನಿಂದ ಮೆಕ್ಯಾನಿಕ್ ನಯಾಜ ಲ್ಯಾಪ್‌ಟಾಪ್ ಹಿಡಿದು ಬಂದ.

“ಏನ್ ತಿದ್ದತೀರಿ ನಯಾಜಣ್ಣ?”

“ಬಸ್ಸಿನಾಗ ಮೂರು ಮಂದಿ ಸೀಟಿರತೈತಲ್ರಿ ಅಕ್ಕಾರ, ಇಬ್ಬರು ಕಾಲ ಅಗಲಿಸಿ ಕುಂತ್ರ ಮೂರನೇದವ ಎಲ್ಲಿ ಕುಂಡ್ರಬೇಕು? ಗಾಳ್ಯಾಗೂ ಹಂಗ ಆಗೈತಿ. ಮೊದಲ ಒಂದೊಂದು ಚಾನೆಲ್ಲಿಗೆ ಇಪ್ಪತ್ತೈದು ಕಿಲೋಹರ್ಟ್ಸ್ ಜಾಗಾ. ಈಗ ಹನ್ನೆರಡೂವರಿ. ಕಾಲ ಮಡಚಿ ಕುಂಡ್ರು ಅಂತ ಸೆಟ್ಟಿಗೆ ಹೇಳೋದು, ಅಷ್ಟ.”

“ಆ ಕ್ವಾರಿ ಹೇಸಿಗಿ ನಿಲ್ತೈತೇನು?”

“ಪೂರಾ ನಿಲ್ತೈತಿ. ಅವರ ಸೆಟ್ಟು ನಿನ್ನೆನ ತಿದ್ದೇನಿ. ಖರೆ ಹೇಳಬೇಕಂದ್ರ, ನಮ್ಮ ಸೆಟ್ಟು ಮೊದಲ ತಿದ್ರಿ ಅಂತ ಅಲ್ಲಿಯ ಆಪರೇಟರನ ಏಳು ತಿಂಗಳಿಂದ ಅರ್ಜಿ ಹಾಕ್ಯಾನ. ನಮ್ಮ ಹೊಲಸು ಬಾಜೂಕಿನವ್ರ ಮ್ಯಾಲೆ ಬೀಳತೈತಿ ಅಂತ ಬರದಾನ.”

ಕಾಂಚನಾ ತಲೆಯೆತ್ತಿದಳು. “ಯಾರವ?”

“ಸುನಿಲಕುಮಾರ ಅಂತ, ಬೆಟಗೇರಿಯವ. ಗೋಡಿ ಮ್ಯಾಲೆ ಏನ್ ಬರದ ಹಚ್ಯಾನ ಗೊತ್ತೇನ್ರಿ? ‘ಗಂಟೆಗೆ ಸರಿಯಾಗಿ ಮೂರು ನಿಮಿಷ ಎಲ್ಲರೂ ಬಾಯಿ ಮುಚ್ಚಿ. ಗುಡ್ಡದ ಮೇಲೆ ಮನುಷ್ಯರಿದ್ದಾರೆ.’ ಡ್ರೈವರಗಳು ನಗತಾರ. ಆದ್ರ ಸುಮ್ಮನಾಗತಾರ.”

ಅವಳು ಗೋಡೆಯ ಗಡಿಯಾರ ನೋಡಿದಳು. ಹಾಜರಿಯ ಹೊತ್ತು. ಹೌದಲ್ಲ. ಇಷ್ಟು ತಿಂಗಳು, ಗಂಟೆ ಗಂಟೆಗೂ, ಆ ಮೂರು ನಿಮಿಷ ತಿಳಿನೀರಿನ ಹಾಗೆ ಇರುತ್ತಿತ್ತು. ಅದು ದೇವರ ದಯೆ ಎಂದುಕೊಂಡಿದ್ದಳು. ಅದಕ್ಕೊಂದು ಹೆಸರಿದೆ ಎಂದುಕೊಂಡಿರಲಿಲ್ಲ.

“ಪಾಪ, ಅವನ ನೌಕರಿ ಹೋಗೂದೈತಿ,” ಎಂದ ನಯಾಜ, ವೈರು ಸುತ್ತುತ್ತಾ. “ಯಾರೋ ಅವನ ಹೆಸರಿಗೇ ದೂರು ಕೊಟ್ಟಾರ. ಸೆಟ್ಟಿನ ಮ್ಯಾಲೆ ಮೊದಲ ಹೆಸರು ಹೇಳಿ ಮಾತಾಡಬೇಕು ಅಂತ ಕಾಯ್ದೆ ಐತಿ. ಆ ಕ್ವಾರಿಯೊಳಗ ಅದನ್ನ ಪಾಲಿಸಾವ ಅವನೊಬ್ಬನ. ಅದಕ್ಕ ಅವನೊಬ್ಬನ ಸಿಕ್ಕೊಂಡ. ಗುರುವಾರ ವಿಚಾರಣಿ.”

ನಯಾಜ ಹೋದ ಮೇಲೆ ಕಾಂಚನಾ ಅದೇ ಡೆಟಾಲ್ ಬಟ್ಟೆ ತೆಗೆದುಕೊಂಡು ತನ್ನ ಬಲಗೈ ಒರೆಸಿದಳು. ಆ ಎರಡು ಗೆರೆ ಎಳೆದ ಬೆರಳುಗಳು. ಎಷ್ಟು ಉಜ್ಜಿದರೂ ಹೇಸಿಗೆ ಹೋಗಲಿಲ್ಲ. ಇಷ್ಟು ದಿನ ಹೊಲಸು ಆಚೆಯಿಂದ ಬರುತ್ತದೆ ಎಂದು ನಂಬಿ ಕುಳಿತವಳಿಗೆ, ಅಂದು ತನ್ನ ಅಕ್ಷರವೇ ಓಕರಿಕೆ ತರಿಸಿತು. ಬಸವಣ್ಣನ ಪಟದ ಕಡೆ ನೋಡಲಾರದೆ ಕಿಟಕಿಯ ಕಡೆ ತಿರುಗಿ ಕುಳಿತಳು.

ಗುರುವಾರ ರಜೆ ಹಾಕಿ ಗದಗಿಗೆ ಹೋದಳು. ಅಧಿಕಾರಿ ಅವಳ ಮಾತು ಕೇಳಿ, ಹಲ್ಲಿನ ಸಂದಿಯ ಅಡಿಕೆ ಚೂರನ್ನು ಕಡ್ಡಿಯಿಂದ ತೆಗೆಯುತ್ತಾ ಹೇಳಿದರು:

“ತಂಗಿ, ಕಾಗದ ಮುಗದೈತಿ. ಯಾರರೆ ಒಬ್ಬ ಬೇಕಾಗಿತ್ತು, ಸಿಕ್ಕಾನ. ನಿಮ್ಮ ಚಾನೆಲ್ಲೂ ಸ್ವಚ್ಛ ಆತು. ಮತ್ಯಾಕ ಕೆದರತೀರಿ?”

ಆ ಕಡ್ಡಿ ನೋಡಿ, ಆ ಮಾತು ಕೇಳಿ ಅವಳಿಗೆ ಕ್ವಾರಿಯ ಬೈಗಳೇ ಮೇಲೆನಿಸಿತು.

“ನನ್ನ ತಪ್ಪು ಕಾಗದದಾಗ ಐತ್ರಿ ಸರ್. ನನ್ನ ಹೆಸರಿನ್ಯಾಗ ಐತಿ. ಹೊಸಾ ಕಾಗದ ಕೊಡ್ರಿ, ಇಲ್ಲೇ ಬರೀತೇನಿ. ತಗೊಳ್ಳಲಿಲ್ಲಂದ್ರ ನಾ ಇಲ್ಲಿಂದ ಏಳಂಗಿಲ್ಲ.”

ಗೋಡೆಯ ಬದಿಯ ಬೆಂಚಿನ ಮೇಲೆ ಕುಳಿತಿದ್ದ ಒಬ್ಬ ಯುವಕ ಮೆಲ್ಲನೆ ಎದ್ದು ನಿಂತ. ಇಸ್ತ್ರಿ ಮಾಡಿದ ಕೈಮಗ್ಗದ ಅಂಗಿ. ಜೇಬಿನಿಂದ ಪೆನ್ನು ತೆಗೆದು ಅವಳ ಮುಂದಿಟ್ಟ. ಒಂದು ಮಾತೂ ಆಡಲಿಲ್ಲ. ಆದರೂ ಅವಳಿಗೆ ಯಾರೆಂದು ತಿಳಿಯಿತು. ಅಷ್ಟು ಚಂದ ಸುಮ್ಮನಿರಲು ಬರುವವನು ಇನ್ನೊಬ್ಬನಿರಲಾರ.

ಅವಳು ಬರೆದಳು. ಪೂರ್ತಿ ಒಂದು ಪುಟ. ಕೊನೆಗೆ ತನ್ನ ಹೆಸರು, ಅಪ್ಪ ನಿಜಲಿಂಗಪ್ಪನ ಹೆಸರು, ಊರು. ಅಧಿಕಾರಿ ಮುಖ ಹುಳಿ ಮಾಡಿಕೊಂಡೇ ಸಿಕ್ಕಾ ಒತ್ತಿದರು. ಸುನಿಲಕುಮಾರನ ನೌಕರಿ ಉಳಿಯಿತು.

ಹೊರಗೆ ಬೇವಿನ ನೆರಳಲ್ಲಿ ಅವಳೇ ಮೊದಲು ಮಾತಾಡಿದಳು.

“ಉಳಿದವ್ರ ಹೆಸರು ನೀವ್ಯಾಕ ಹೇಳಲಿಲ್ಲ?”

“ಬಾಯಿ ಯಾರದರೆ ಇರಲಿ, ಸೆಟ್ಟು ನಂದರಿ. ನಮ್ಮಪ್ಪ ಬಸಲಿಂಗಯ್ಯ ಮಗ್ಗದಾಗ ಕುಂತಾವ. ಸೀರಿಯಾಗ ಎಳಿ ತಪ್ಪಿದ್ರ ತಪ್ಪು ನೂಲಿನ ಮ್ಯಾಲೆ ಹಾಕಂಗಿಲ್ಲ.”

“ಕೋಗಿಲಿ ಅಂದವ ಯಾರು?”

“ಒಬ್ಬ ಡ್ರೈವರ್. ಅವತ್ತ ಅವನ ಸೆಟ್ಟು ಕಸಗೊಂಡೆ.” ಅವನು ನೆಲ ನೋಡಿದ, ತುಟಿಯ ಒಂದು ತುದಿ ಮಾತ್ರ ನಕ್ಕಿತು. “ಆದ್ರ ಅವ ಅಂದದ್ದು ಸುಳ್ಳಲ್ಲರಿ.”

“ಛೀ! ಅದೂ ಹೇಸಿಗಿ ಮಾತ.”

“ಹಂಗಾರ ವಾಪಸ್ ತಗೊಂಡೆ.”

ಕಾಂಚನಾ ಸೆರಗಿನ ಅಂಚು ಬೆರಳಿಗೆ ಸುತ್ತಿ ಬಿಚ್ಚಿದಳು. “ಪೂರಾ ತಗೋಬ್ಯಾಡ್ರಿ.”

ಅವನು ಆಗ ತಲೆಯೆತ್ತಿ ನೋಡಿದ. ಕಿವಿಯಿಂದ ಗೊತ್ತಿದ್ದವಳನ್ನು ಕಣ್ಣು ಈಗಷ್ಟೇ ಹುಡುಕಿಕೊಂಡಂತಿತ್ತು ಆ ನೋಟ. ಅಷ್ಟರಲ್ಲಿ ಮುಂಡರಗಿ ಬಸ್ಸು ಬಂತು. ಇಬ್ಬರೂ ಫೋನ್ ನಂಬರು ಕೇಳುವುದನ್ನು ಮರೆತರು.

ಶುಕ್ರವಾರ ಸೆಟ್ಟು ತೊಳೆದ ನೆಲದ ಹಾಗೆ ಸ್ವಚ್ಛವಾಗಿತ್ತು. ಉಗುಳಿಲ್ಲ, ಬೈಗಳಿಲ್ಲ. ಅವಳು ಇಷ್ಟು ತಿಂಗಳು ಬೇಡಿದ್ದು ಇದನ್ನೇ. ಆದರೆ ಅವಳ ಬೆರಳು ತಾನಾಗಿ ವಾಲ್ಯೂಮ್ ಏರಿಸುತ್ತಿತ್ತು. ‘ಕ್ವಾರಿ, ಸುನಿಲಕುಮಾರ...’ ಎಂಬುದರ ಮುಂದೆ ಅವನು ಏನು ಹೇಳುತ್ತಿದ್ದ? ಕೇಳಬಹುದಾಗಿದ್ದ ದಿನಗಳಲ್ಲಿ ಕಿವಿ ಮುಚ್ಚಿಕೊಂಡು ಕೂತ ತನ್ನ ಮೇಲೆ ಅವಳಿಗೆ ಮತ್ತೆ ಅಸಹ್ಯವಾಯಿತು. ಇನ್ನು ಗಾಳಿಯಲ್ಲಿ ಅವನ ದನಿ ಸಿಗುವುದಿಲ್ಲ. ನಡುವೆ ಕಟ್ಟುನಿಟ್ಟಾದ ಗಡಿ ಬಿದ್ದಿದೆ.

ಭಾನುವಾರ ಹನ್ನೆರಡಕ್ಕೆ ಹಾಜರಿ ಶುರುವಾಯಿತು. “ಒಂದನೇದು?” “ಇಲ್ಲೇ ಅದೇನ್ರಿ ಮೇಡಂ.” ಆಗಲೇ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಬಾಗಿಲ ಹತ್ತಿರ ಬಂದು ನಿಂತಿತು.

ಯಾರೂ ಬಾಗಿಲು ಬಡಿಯಲಿಲ್ಲ.

ಎರಡು. ಮೂರು. ನಾಲ್ಕು. ಆಚೆ ಉಸಿರಿನ ಸದ್ದೂ ಇಲ್ಲ. ಐದನೆಯದಕ್ಕೆ ಶೇಖಸಾಬ, “ಅದೇನಿ ಬೇಟಿ. ದನಿ ಯಾಕ ನಡಗಾಕತ್ತೈತಿ, ಆರಾಮ ಅದಿಯಿಲ್ಲೋ?” ಎಂದರು. “ಆರಾಮ ಅದೇನಿ ಚಾಚಾ,” ಎಂದಳು. ಆರು. ಏಳು. ಎಂಟು. ಅವಳು ಮೈಕು ಕೆಳಗಿಟ್ಟಳು.

ಆಗ, ಆಗಲೇ, ಬಾಗಿಲ ಮೇಲೆ ಮೆತ್ತಗೆ ಎರಡು ಬಡಿತ.

“ಬೆಟಗೇರಿ, ಸುನಿಲಕುಮಾರ ಮಾತಾಡಾಕತ್ತೇನಿ.”

ಅವಳು ಎದ್ದು ಹೋಗಿ ಬಾಗಿಲು ತೆರೆದಳು. ಕಿಟಕಿಯಲ್ಲಿ ಹಾಕಿದ್ದ ಡೆಟಾಲ್ ಬಟ್ಟೆ ಮೂರು ದಿನದಿಂದ ಅಲ್ಲೇ ಒಣಗಿಹೋಗಿತ್ತು.

“ಒಳಗ ಬರ್ರಿ,” ಎಂದಳು, ಗಡಿಯಾರ ನೋಡಿ. “ಮುಂದಿನ ಹಾಜರಿಗೆ ಇನ್ನೂ ಐವತ್ತೇಳು ನಿಮಿಷ ಐತಿ. ಹೇಳ್ರಿ, ಈ ಸಲ ಪೂರಾ ಕೇಳ್ತೇನಿ.”