ಹಳೆಯ ವೈನು, ಹೊಸ ಬಾಣಸಿಗ

"ಈ ಖಾರ ತೆಗೀರಿ. ಪೂರ್ತಿ!"

ಹೋಟೆಲಿನ ಅಡುಗೆಮನೆಯಲ್ಲಿ ಸೌಟುಗಳ ಸದ್ದು ಒಮ್ಮೆಲೇ ನಿಂತಿತು. ಹೊಸ ಬಾಣಸಿಗ ನಿಧಾನಕ್ಕೆ ತಿರುಗಿದ. ಹೇಳದೆ ಕೇಳದೆ ಅವನ ಬಾಣಲೆಗೆ ಚಮಚ ಅದ್ದಿ, ರುಚಿ ನೋಡಿ, ಮೇಲಿಂದ ತೀರ್ಪು ಬೇರೆ ಕೊಡುತ್ತಿದ್ದಳು ಈ ಹುಡುಗಿ!

"ತಾವು ಯಾರು ಅಂತ ಗೊತ್ತಾಗ್ಲಿಲ್ಲ..."

"ಇಲ್ಲಿ ಎಲ್ಲರೂ ನನ್ನ ಮೂಗಿನ ಮೇಡಂ ಅಂತಾರೆ. ವೈನ್ ಕೋಣೆ ನಂದು. ಅಂದ್ರೆ, ಇನ್ನೂ ಆಗಿಲ್ಲ. ಭಾನುವಾರ ಆಗುತ್ತೆ."

"ಅಷ್ಟು ಖಾತ್ರಿನಾ?"

"ಅಷ್ಟು ಖಾತ್ರಿ!"

ಅದು ಬರೀ ಜಂಬವಲ್ಲ. ವೈನನ್ನು ಮೂಸಿಯೇ ಅದರ ವಯಸ್ಸನ್ನು ಹೇಳಬಲ್ಲ ಮೂಗು ಅವಳದು. ಭಾನುವಾರ ಮಧ್ಯಾಹ್ನ ಹೋಟೆಲಿನ ಯಜಮಾನಮ್ಮನ ಮದುವೆಯ ಮೂವತ್ತನೇ ವರ್ಷದ ಊಟ; ಬಾಣಲೆಯಲ್ಲಿದ್ದುದು ಅದರ ತಾಲೀಮು. ಮದುವೆಯ ವರ್ಷವೇ ಎತ್ತಿಟ್ಟ ಕೆಂಪು ವೈನಿನ ಒಂದೇ ಒಂದು ಬಾಟಲಿ ಅಂದು ತೆರೆಯುವುದಿತ್ತು. ಅದಕ್ಕೆ ಒಪ್ಪುವ ಊಟ ಜೋಡಿಸಿ ಸೈ ಎನಿಸಿಕೊಂಡರೆ ವೈನ್ ಕೋಣೆಯ ಬೀಗದಕೈ ಅವಳದು. ಇಲ್ಲವಾದರೆ ಆ ಕೋಣೆ ಉಗ್ರಾಣವಾಗುತ್ತದೆ, ಅವಳು ಬೇರೆ ಕೆಲಸ ಹುಡುಕಿಕೊಳ್ಳಬೇಕಾಗುತ್ತದೆ.

"ಖಾರ ನನ್ನ ಕೈಗುಣ ಕಣ್ರೀ. ಅದನ್ನ ತೆಗೆದ್ರೆ ಉಳಿಯೋದೇನು?"

"ಮೂವತ್ತು ವರ್ಷದ ವೈನು ಮೆಲ್ಲಗೆ ಮಾತಾಡುತ್ತೆ. ಪಕ್ಕದಲ್ಲಿ ಮೆಣಸಿನಕಾಯಿ ಕೂಗಾಡ್ತಿದ್ರೆ ಯಾರಿಗೆ ಕೇಳ್ಸುತ್ತೆ ಹೇಳಿ?"

ಅವನು ಅವಳನ್ನೇ ನೋಡಿದ. ಆಮೇಲೆ ಬಾಣಲೆಯನ್ನು ಒಲೆಯಿಂದ ಕೆಳಗಿಳಿಸಿದ.

"ಸರಿ. ಹಾಗಾದ್ರೆ ವೈನ್ ವಿಷಯ ನಂಗೂ ಕಲಿಸಿ."

ಅಯ್ಯೋ... ಜಗಳಕ್ಕೆ ಟೊಂಕ ಕಟ್ಟಿ ಬಂದವಳಿಗೆ ಇದೆಂಥ ಏಟು!

ಅಂದಿನಿಂದ ದಿನಾ ಸಂಜೆ ವೈನ್ ಕೋಣೆಯಲ್ಲಿ ಪಾಠ. ಎಳೆಯ ವೈನು ನೇರಳೆ ಬಣ್ಣ, ವಯಸ್ಸಾದಂತೆ ಲೋಟದ ಅಂಚಿನಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ ಎಂದು ತೋರಿಸಿದಳು. ಹಳೆಯದೊಂದನ್ನು ಮೂಸಲು ಕೊಟ್ಟಾಗ ಅವನು ಕಣ್ಣು ಮುಚ್ಚಿ, "ಒಣಗಿದ ಅಂಜೂರ... ನಮ್ಮ ತಾತನ ಚರ್ಮದ ಚೀಲ..." ಎಂದ. ಅವಳಿಗೆ ನಗು ತಡೆಯಲಾಗಲಿಲ್ಲ. ಆದರೆ ಅವನು ಹೇಳಿದ್ದು ಸರಿಯಾಗಿಯೇ ಇತ್ತು.

"ಬಾಟಲಿಗಳನ್ನ ಯಾಕೆ ಮಲಗಿಸಿಡ್ತೀರಿ?"

"ಬಿರಡೆ ಒಣಗಬಾರ್ದು. ಒಣಗಿದ್ರೆ ಗಾಳಿ ನುಗ್ಗಿ ವೈನ್ ಕೆಡುತ್ತೆ."

ಅವನು ಶ್ರದ್ಧೆಯಿಂದ ತಲೆಯಾಡಿಸಿದ. ಅವನ ಕೈಗೆ ಅಂಟಿದ ಹುರಿದ ಬೆಳ್ಳುಳ್ಳಿಯ ವಾಸನೆ ವೈನಿನ ಪರಿಮಳಕ್ಕೆ ಅಡ್ಡ ಬರುತ್ತಿತ್ತು. ಬೇರೆಯವರಾಗಿದ್ದರೆ ಕೈ ತೊಳೆದು ಬನ್ನಿ ಎಂದು ಅಟ್ಟಿರುತ್ತಿದ್ದಳು. ಈಗ ಆ ವಾಸನೆಯೇ ಹಿತವಾಗಿತ್ತು... ಕಾಯಿಲೆ ಗಟ್ಟಿಯಾಯಿತೆಂದೇ ಅರ್ಥ!

ಭಾನುವಾರ ಬಂತು. ಅತಿಥಿಗಳು ಬರುವ ಹೊತ್ತಿಗೆ ಸ್ವಲ್ಪ ಮುಂಚೆ ವೈನ್ ಕೋಣೆಯ ಬಾಗಿಲು ತೆರೆದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು.

ಬಾಟಲಿ ಮಲಗಿತ್ತು!

ಹಳೆಯ ವೈನಿನಲ್ಲಿ ಗಷ್ಟು ಕಟ್ಟಿರುತ್ತದೆ. ಅದು ತಳಕ್ಕಿಳಿಯಲೆಂದು ಅವಳು ಕೊನೆಯ ಪಾಠ ಮುಗಿದ ಶುಕ್ರವಾರ ರಾತ್ರಿಯೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿದ್ದಳು. ಈಗ ಗಷ್ಟೆಲ್ಲ ಕದಡಿಹೋಗಿತ್ತು.

"ಯಾರು ಇದನ್ನ ಮುಟ್ಟಿದ್ದು?"

"ನಾನೇ," ಬಾಗಿಲಲ್ಲಿ ನಿಂತ ಬಾಣಸಿಗನ ಮುಖದಲ್ಲಿ ಸಣ್ಣ ಹೆಮ್ಮೆ. "ಬೆಳಿಗ್ಗೆ ಬಂದು ನೋಡಿದ್ರೆ ಪಾಪ, ನಿಂತೇ ಇತ್ತು. ಮಲಗಿಸ್ದೆ."

"ಖಾರ ತೆಗೆಸಿದ್ದಕ್ಕೆ ಹೀಗೆ ಸೇಡು ತೀರಿಸ್ಕೊಂಡ್ರಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನ ಮುಖ ಬಾಡಿತು.

"ಸೇಡಾ...?" ಅವನ ದನಿ ತಗ್ಗಿತು. "ಇವತ್ತಿನ ಊಟ ಮುಗಿಸಿಕೊಡ್ತೀನಿ. ಸಾಯಂಕಾಲದ ಬಸ್ಸಿಗೆ ಹೊರಡ್ತೀನಿ."

ಅವನು ಹೋದ. ಎಲ್ಲವನ್ನೂ ಕೇಳಿಸಿಕೊಂಡಿದ್ದ ಯಜಮಾನಮ್ಮ ಒಳಗೆ ಬಂದರು.

"ಮಲಗಿಸಿಡ್ಬೇಕು ಅಂತ ಹೇಳಿಕೊಟ್ಟಿದ್ದು ಯಾರೇ?"

"ನಾನೇ ಅಮ್ಮ."

"ತೆಗೆಯೋಕೆ ಮುಂಚೆ ನಿಲ್ಲಿಸ್ಬೇಕು ಅಂತ?"

"...ಹೇಳ್ಲಿಲ್ಲ."

"ಹೇಳಿದ್ದನ್ನ ಹೇಳಿದ ಹಾಗೇ ಕೇಳೋ ಗಂಡಸು ಕಣೇ! ಮೂವತ್ತು ವರ್ಷದಿಂದ ನಂಗೆ ಅಂಥವನು ಸಿಕ್ಕಿಲ್ಲ."

ಅವಳಿಗೆ ನಗು ಬರಲಿಲ್ಲ. ಹಾಗೆಂದು ಅಳುತ್ತಾ ಕೂರುವ ಜಾಯಮಾನವೂ ಅವಳದಲ್ಲ. ಬಿರಡೆ ತೆಗೆದಳು. ತೆಳುವಾದ ಶುಭ್ರ ಬಟ್ಟೆಯಲ್ಲಿ ವೈನನ್ನು ನಿಧಾನವಾಗಿ ಸೋಸಿ ಒಂದು ಗುಟುಕು ಕುಡಿದಳು. ಪರಿಮಳಕ್ಕೆ ಏನೂ ಆಗಿರಲಿಲ್ಲ. ಆದರೆ ಕೊನೆಯಲ್ಲಿ ನಾಲಿಗೆ ಮೇಲೆ ಕಹಿ ನಿಂತಿತು. ಲೋಟ ಹಿಡಿದು ನೇರ ಅಡುಗೆಮನೆಗೆ ನಡೆದಳು.

"ಕುಡಿದು ನೋಡಿ. ಆಮೇಲೆ ಎಷ್ಟು ಬೇಕಾದ್ರೂ ಬೈಯಿರಿ."

ಅವನು ಬೈಯಲಿಲ್ಲ. ಕುಡಿದ, ಯೋಚಿಸಿದ. ಸಿಟ್ಟು ಎಷ್ಟೇ ಇರಲಿ, ಅಡುಗೆಯವನ ನಾಲಿಗೆ ಸುಳ್ಳು ಹೇಳುವುದಿಲ್ಲ.

"ಕೊನೆಗೆ ಕಹಿ. ಬೆಣ್ಣೆ ಇದ್ರೆ ಗೊತ್ತಾಗಲ್ಲ. ಉಪ್ಪು ಒಂಚೂರು ಮುಂದೆ ಇರ್ಲಿ."

"ಅಣಬೆ?"

"ಬೆಣ್ಣೆಯಲ್ಲಿ ಕೆಂಪಗೆ ಹುರಿಯೋಣ."

ಬೆಳಗಿನಿಂದ ಬೆಂದಿದ್ದ ಮಾಂಸದ ಮೇಲೆ ಸುರಿಯಲೆಂದು ಅವನು ಕಾಳುಮೆಣಸಿನ ಗ್ರೇವಿ ಮಾಡಿಟ್ಟಿದ್ದ. ಹಟ ಹಿಡಿದು ಉಳಿಸಿಕೊಂಡಿದ್ದ ಕೊನೆಯ ಖಾರ ಅದು. ಅದನ್ನು ತಾನೇ ಎತ್ತಿ ಪಕ್ಕಕ್ಕಿಟ್ಟ. ಇಬ್ಬರೂ ಅಕ್ಕಪಕ್ಕ ನಿಂತು, ಒಂದೇ ಚಮಚದಲ್ಲಿ ರುಚಿ ನೋಡುತ್ತಾ ಅಣಬೆ ಹುರಿದರು.

ಮೇಜಿನ ಬಳಿ ಅವಳು ತಲೆ ತಗ್ಗಿಸಲಿಲ್ಲ. "ವೈನು ಸ್ವಲ್ಪ ಮಬ್ಬಾಗಿದೆ, ತಪ್ಪು ನನ್ನದು. ಮೊದಲು ಒಂದು ತುತ್ತು ತಿನ್ನಿ, ಆಮೇಲೆ ಕುಡೀರಿ," ಎಂದಳು.

ಯಜಮಾನಮ್ಮ ತಿಂದರು, ಕುಡಿದರು. ಕಣ್ಣಂಚು ಒದ್ದೆಯಾಯಿತು. ಅವರ ಗಂಡ ಹೆಂಡತಿಯ ಕೈ ಹಿಡಿದುಕೊಂಡರು. ತಟ್ಟೆಗಳು ಖಾಲಿಯಾದ ಮೇಲೆ ಬೀಗದಕೈ ಅವಳ ಅಂಗೈಗೆ ಬಂತು.

"ಗೆದ್ದೆ ಕಣೇ. ಈಗ ಓಡು, ಬಸ್ಸಿನ ಹೊತ್ತಾಯ್ತು!"

ಅವನು ತನ್ನ ಚಾಕುಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ.

"ಹೋಗ್ಬೇಡಿ."

"ಅಡುಗೆಗೆ ಬೇರೆಯವರು ಸಿಗ್ತಾರೆ ಬಿಡಿ."

"ಅಡುಗೆಗೆ ಸಿಗ್ತಾರೆ. ನಂಗೆ ಬೇರೆಯವರು ಬೇಡ."

ಸುತ್ತುತ್ತಿದ್ದ ಕೈ ನಿಂತಿತು.

"ಅರ್ಧ ಪಾಠ ಹೇಳಿಕೊಟ್ಟು ಪೂರ್ತಿ ತಪ್ಪು ನಿಮ್ಮ ತಲೆಗೆ ಕಟ್ಟಿದೆ. ಕ್ಷಮಿಸಿ," ಎಂದಳು. "ನೀವಂದ್ರೆ ನಂಗೆ ತುಂಬಾ ಇಷ್ಟ. ಇದನ್ನ ಮಾತ್ರ ಪೂರ್ತಿ ಹೇಳ್ತಿದ್ದೀನಿ."

ಅವನು ಚಾಕುಗಳ ಸುತ್ತನ್ನು ಮೇಜಿನ ಮೇಲಿಟ್ಟ. ಆಮೇಲೆ ಕೇಳಿದ, "ಬೆಳಿಗ್ಗೆಯಿಂದ ಏನಾದ್ರೂ ತಿಂದ್ರಾ?"

"ಇಲ್ಲ..."

ಅವನು ಬಟ್ಟೆ ಬಿಚ್ಚಿ ಒಂದು ಚಾಕು ಹೊರತೆಗೆದ. ಬ್ರೆಡ್ಡನ್ನು ಹತ್ತಿರಕ್ಕೆ ಎಳೆದುಕೊಂಡ.

"ಕೂತ್ಕೋ. ಬಡಿಸ್ತೀನಿ."

ಅವಳು ಇನ್ನೊಂದು ಸ್ಟೂಲನ್ನು ತನ್ನ ಪಕ್ಕಕ್ಕೆ ಎಳೆದಳು.

"ನೀನೂ ಕೂತ್ರೆ."