ಹುಳುಮನೆಯ ಕರೆಂಟು

“ಬಲ್ಬ್ ಉರೀಲಿಲ್ಲ ಸಾರ್,” ಅಂದ ಸ್ವಾಮಿ. ಕ್ಲಾಸಿಗೆ ಕ್ಲಾಸೇ ಚೈತ್ರಾಳ ಕಡೆ ತಿರುಗಿತು.

ಎಂಟನೇ ಕ್ಲಾಸಿನ ಮೇಜಿನ ಮೇಲೆ ಒಂದು ಟಾರ್ಚ್ ಸೆಲ್ಲು, ಒಂದು ಪುಟ್ಟ ಬಲ್ಬು, ತುಂಡು ವೈರುಗಳು ಇದ್ದವು. ಯಾವುದರಲ್ಲಿ ಕರೆಂಟು ಹರಿಯುತ್ತದೆ, ಯಾವುದರಲ್ಲಿ ಇಲ್ಲ ಅಂತ ವಿಜ್ಞಾನದ ದೇವರಾಜ್ ಮೇಷ್ಟ್ರು ಮಕ್ಕಳ ಕೈಯಲ್ಲೇ ಮಾಡಿಸುತ್ತಿದ್ದರು. ಬೀಗದ ಕೈ ಇಟ್ಟರೆ ಬಲ್ಬು ಉರಿಯಿತು. ರಬ್ಬರ್ ಇಟ್ಟರೆ ಇಲ್ಲ. ಆಗ ಚೈತ್ರಾ ಎದ್ದು ನಿಂತು, ನೆನೆದ ಗೋಣಿಚೀಲ ಇಟ್ಟರೆ ಏನಾಗುತ್ತೆ ಸಾರ್ ಅಂತ ಕೇಳಿದ್ದಳು. ಚೀಲದ ತುಂಡು ತಂದು, ನೀರಲ್ಲಿ ಅದ್ದಿ ಇಟ್ಟದ್ದೂ ಆಯಿತು. ಬಲ್ಬು ಕಣ್ಣು ಬಿಡಲಿಲ್ಲ.

ಹಿಂದಿನ ಬೆಂಚು ಕಿಸಕ್ಕನೆ ನಕ್ಕಿತು. ಚೈತ್ರಾ ಕೂರಲಿಲ್ಲ. ಅವಳು ಅಷ್ಟು ಸುಲಭಕ್ಕೆ ಕೂರುವ ಹುಡುಗಿಯಲ್ಲ.

“ಬಲ್ಬ್ ಉರೀಲಿಲ್ಲ ಅಂದ್ರೆ ಕರೆಂಟೇ ಹರೀಲಿಲ್ಲ ಅಂತಲ್ಲ,” ಅಂದರು ಮೇಷ್ಟ್ರು. “ಇದು ಟಾರ್ಚ್ ಸೆಲ್ಲು, ಒಂದೂವರೆ ವೋಲ್ಟು. ಇದಕ್ಕೆ ಅಷ್ಟು ಶಕ್ತಿ ಇಲ್ಲ. ಮನೆ ಕರೆಂಟು ಇನ್ನೂರ ಮೂವತ್ತು ವೋಲ್ಟು. ಅದಕ್ಕೆ ನೆನೆದ ಚೀಲ ಸಾಕು, ಒದ್ದೆ ನೆಲ ಸಾಕು, ಬರಿಗಾಲಲ್ಲಿ ನಿಂತ ಮನುಷ್ಯರೂ ಸಾಕು.”

ಇದನ್ನು ಮನೆಯಲ್ಲಿ ಯಾರೂ ಟೆಸ್ಟ್ ಮಾಡಕೂಡದು ಅಂತ ಒತ್ತಿ ಹೇಳಿದರು. ಮುಟ್ಟಿದ್ದು ಯಾವುದಾದರೂ ಜುಮ್ ಅಂದರೆ, ಮೊದಲು ಚಪ್ಪಲಿ ಮೆಟ್ಟಿಕೊಂಡು ಒಣ ಕೈಯಲ್ಲಿ ಮೇನ್ ಆಫ್ ಮಾಡಿ ಅಂದರು.

ಚೈತ್ರಾಳಿಗೆ ತನ್ನ ಮನೆ ನೆನಪಾಯಿತು. ಅವಳ ಮನೆಯ ಹುಳುಮನೆಯಲ್ಲಿ ಮೇಷ್ಟ್ರು ಹೇಳಿದ ಮೂರೂ ಇದ್ದವು.

ರೇಷ್ಮೆಹುಳುಗಳು ಎರಡನೇ ಜ್ವರ ಎದ್ದಿದ್ದವು. ಪೊರೆ ಬಿಡುವ ಮೊದಲು ಹುಳು ಸೊಪ್ಪು ತಿನ್ನುವುದು ಬಿಟ್ಟು ಮಂಕಾಗಿ ಕೂರುತ್ತದಲ್ಲ, ಅದಕ್ಕೆ ಅವರ ಊರು ಅಕ್ಕೂರಿನ ಕಡೆ ಜ್ವರ ಅನ್ನುತ್ತಾರೆ. ಎದ್ದ ಮರಿಗಳಿಗೆ ಬಿಸಿಯೂ ಬೇಕು, ತೇವವೂ ಬೇಕು. ಡಿಸೆಂಬರಿನ ಚಳಿ ಬೇರೆ. ಅದಕ್ಕೇ ಅಂಕಯ್ಯ ತಾತ ಹೀಟರ್ ಇಟ್ಟಿದ್ದ, ಗೋಡೆಗುಂಟ ನೆನೆದ ಗೋಣಿಚೀಲ ನೇತುಹಾಕಿದ್ದ, ನೆಲಕ್ಕೂ ನೀರು ಚಿಮುಕಿಸುತ್ತಿದ್ದ. ಹೀಟರಿನ ವೈರು ಸಾಲದೆ ಇನ್ನೊಂದು ವೈರು ಸೇರಿಸಿ, ಟೇಪೂ ಸುತ್ತದೆ ಗಂಟು ಹಾಕಿದ್ದ. ಗಂಟು ಸಿಕ್ಕಿಸಿದ ಮೊಳೆಗೇ ಒಂದು ಚೀಲ. ಆ ಚೀಲದ ತುದಿ, ಹುಳುವಿನ ತಟ್ಟೆ ಜೋಡಿಸಿದ ಕಬ್ಬಿಣದ ಸ್ಟ್ಯಾಂಡಿಗೆ ತಾಗುತ್ತಿತ್ತು.

ಇನ್ನು ಚಪ್ಪಲಿಯ ಮಾತೇ ಇಲ್ಲ. ಚಪ್ಪಲಿಯ ಕೊಳೆ ಒಳಗೆ ಹೋದರೆ ಹುಳಕ್ಕೆ ರೋಗ. ಎಂಥ ದೊಡ್ಡ ಮನುಷ್ಯರೇ ಬಂದರೂ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕಾಲು ತೊಳೆದೇ ಒಳಗೆ ಹೋಗಬೇಕು.

ಆ ಸ್ಟ್ಯಾಂಡಿನ ತಟ್ಟೆಗಳಿಗೆ ಸೊಪ್ಪು ಹಾಕುವವಳು ದೊಡ್ಡಲಕ್ಷ್ಮಮ್ಮಜ್ಜಿ. ಈಚೆಗೆ ಅಜ್ಜಿ ಸ್ಟ್ಯಾಂಡು ಮುಟ್ಟಿದಾಗಲೆಲ್ಲ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಚೈತ್ರಾ ಅದನ್ನು ನೋಡಿದ್ದಳು.

ಸ್ಕೂಲು ಬಿಟ್ಟದ್ದೇ ಓಡಿಬಂದು ತಾತನಿಗೆ ಎಲ್ಲ ಹೇಳಿದಳು. ಅಪ್ಪ ಅಮ್ಮ ಬಿಡದಿ ಕಡೆಯ ಫ್ಯಾಕ್ಟರಿಗಳಿಗೆ ಬೆಳಗಿನ ಬಸ್ಸು ಹಿಡಿದರೆ ಮರಳುವುದು ಕತ್ತಲಾದ ಮೇಲೆ. ಅಲ್ಲಿಯವರೆಗೆ ಮನೆಯಲ್ಲಿ ತಾತನದೇ ರಾಜ್ಯಭಾರ. ತಾತ ಸೊಪ್ಪು ಕೊಚ್ಚುವುದು ನಿಲ್ಲಿಸಲಿಲ್ಲ. ಪಕ್ಕದ ಮನೆಯ ಸ್ವಾಮಿ ಅವಳಿಗಿಂತ ಮೊದಲೇ ಬಂದು ಬಲ್ಬಿನ ಕತೆ ಊದಿಬಿಟ್ಟಿದ್ದ.

“ನಿಮ್ ಮೇಷ್ಟ್ರ ಮುಂದೇನೇ ಉರೀನಿಲ್ವಂತೆ. ಇಲ್ಲಿ ಬಂದು ನಂಗೆ ಪಾಠ ಯೋಳ್ತೀಯಾ?” ಅಂದ ತಾತ.

ಚೈತ್ರಾ ವೋಲ್ಟಿನ ವಿಷಯ ತೆಗೆದಳು. ತಾತ ಕಿವಿಗೆ ಹಾಕಿಕೊಳ್ಳಲಿಲ್ಲ. ಕಂಪನಿಗಳಿಗೆ ಹಗಲೂ ರಾತ್ರಿ ಕರೆಂಟು ಕೊಡುತ್ತಾರೆ, ನಮಗೆ ಬರುವುದೇ ಅರ್ಧ ದಿನ, ಬಂದಾಗಲೂ ಆಫ್ ಮಾಡಿಕೊಂಡು ಕೂರಬೇಕಾ ಅಂತ ಗುರುಗುಟ್ಟಿದ. ಮರಿಗಳು ಚಳಿ ತಿಂದರೆ ಬೆಳೆ ಕೈಬಿಟ್ಟ ಹಾಗೇ ಅಂದ. ಅದು ಸುಳ್ಳೇನಲ್ಲ, ಹುಳು ಸಾಕಿದ ಮನೆಯವರಿಗೆಲ್ಲ ಗೊತ್ತು.

ಅಷ್ಟರಲ್ಲಿ ಅಜ್ಜಿ ಸೊಪ್ಪಿನ ಮಂಕರಿ ಹಿಡಿದು, ಕಾಲು ತೊಳೆದುಕೊಂಡು ಹುಳುಮನೆಯ ಬಾಗಿಲಿಗೆ ಬಂದಳು. ಆ ಒದ್ದೆ ಕಾಲು ನೋಡಿದ್ದೇ ಚೈತ್ರಾಳಿಗೆ ಭಯವೂ ಸಿಟ್ಟೂ ಒಟ್ಟಿಗೇ ನೆತ್ತಿಗೇರಿದವು. ಮೇನ್ ಬೋರ್ಡು ಹೊರಗಡೆ ಜಗುಲಿಯ ಗೋಡೆಯಲ್ಲಿತ್ತು. ಕೈಯನ್ನು ಲಂಗಕ್ಕೆ ಒರೆಸಿಕೊಂಡಳು, ಚಪ್ಪಲಿ ಮೆಟ್ಟಿಕೊಂಡಳು, ಮೇನ್ ಸ್ವಿಚ್ಚಿನ ಹಿಡಿಯನ್ನು ಕೆಳಕ್ಕೆ ಎಳೆದಳು. ಅದೂ ಸಾಲದು ಅಂತ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡಳು.

“ಕೊಡಿಲ್ಲಿ,” ಅಂದ ತಾತ.

“ವೈರ್ ಸರಿಯಾಗೋಗಂಟ ಕೊಡಕಿಲ್ಲ. ಬೇಕಾರೆ ಹೊಡಿ.”

ಅಂಕಯ್ಯ ತಾತನಿಗೆ ಆ ಮನೆಯಲ್ಲಿ ಯಾರೂ ಹಾಗೆ ಎದುರಾಡಿದ್ದಿಲ್ಲ. ಅಪ್ಪ ಕೂಡ ಆಡಿದವನಲ್ಲ. ತಾತನ ಮೀಸೆ ಅದುರಿತು, ಆದರೆ ಕೈ ಎತ್ತಲಿಲ್ಲ. ಒಳಗಿಂದ ಒಂದು ತಾಮ್ರದ ತಂತಿ ತಂದು, ಫ್ಯೂಸಿನ ಜಾಗಕ್ಕೆ ಅದನ್ನೇ ಸಿಕ್ಕಿಸಲು ಹೊರಟ. ಚೈತ್ರಾ ಬೋರ್ಡಿಗೆ ಬೆನ್ನು ಕೊಟ್ಟು ಅಡ್ಡ ನಿಂತಳು. ತಾತ ತೋಳು ಹಿಡಿದು ಪಕ್ಕಕ್ಕೆ ಸರಿಸಿದ. ಎಷ್ಟು ಹಟವಿದ್ದರೇನು, ತಾತನ ಬಲದ ಮುಂದೆ ಅವಳ ಬಲ ನಡೆಯಲಿಲ್ಲ. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು.

“ಹಾಕ್ಕಳಿ,” ಅಂದಳು ಅಜ್ಜಿ.

ಇಬ್ಬರೂ ತಿರುಗಿ ನೋಡಿದರು. ಅಜ್ಜಿ ಮಂಕರಿ ಕೆಳಗಿಟ್ಟು, ಹುಳುಮನೆಯ ಹೊರಗೆ ಗೋಡೆಗೆ ಒರಗಿ ಕೂತುಬಿಟ್ಟಿದ್ದಳು.

“ಕರೆಂಟ್ ಹಾಕ್ಕಳಿ. ಸೊಪ್ಪೂ ನೀವೇ ಹಾಕ್ಕಳಿ. ನಾ ಒಳೀಕ್ ಹೋಗಕಿಲ್ಲ. ಆ ಸ್ಟ್ಯಾಂಡ್ ಮುಟ್ಟುದ್ರೆ ಭುಜದ್ ಗಂಟ ಜುಮ್ ಅಂತದೆ.”

ತಂತಿ ಹಿಡಿದಿದ್ದ ಕೈ ಕೆಳಗಿಳಿಯಿತು. ಮೊದಲೇ ಹೇಳಬಾರದಿತ್ತಾ ಅಂತ ತಾತ ಕೇಳಿದ. ಉತ್ತರಕ್ಕೆ ಕಾಯಲಿಲ್ಲ. ತಂತಿಯನ್ನು ಜಗುಲಿಯ ಮೇಲೆ ಎಸೆದು, ವೈರಿಂಗ್ ಕೆಲಸದ ಮಕ್ಬೂಲನನ್ನು ಕರೆತರಲು ಸೈಕಲ್ ಹತ್ತಿದ.

ಮರಿಗಳಿಗಂತೂ ಬಿಸಿ ಬೇಕೇ ಬೇಕಿತ್ತು. ಅಜ್ಜಿ ಹಳೆಯ ಬಾಣಲೆಗೆ ಇದ್ದಿಲು ತುಂಬಿ ಅಂಗಳದಲ್ಲಿ ಹೊತ್ತಿಸಿದಳು. ಹೊಗೆ ತಾಗಿದರೆ ಹುಳು ಉಳಿಯುವುದಿಲ್ಲ. ಹೊಗೆಯೆಲ್ಲ ಹೋಗಿ ಕೆಂಡ ಕೆಂಪಗಾಗುವವರೆಗೆ ಹೊರಗೇ ಬೀಸಬೇಕು. ಫ್ಯೂಸ್ ಕಿತ್ತವಳೇ ಬೀಸಲಿ ಅಂತ ಅಜ್ಜಿ ಬೀಸಣಿಗೆಯನ್ನು ಚೈತ್ರಾಳ ಕೈಗೆ ಕೊಟ್ಟಳು. ತೋಳು ನೋಯುತ್ತಿದ್ದರೂ ಚೈತ್ರಾ ಗೆದ್ದವಳ ಗತ್ತಿನಲ್ಲೇ ಬೀಸಿದಳು.

ಕೆಂಡ ಒಳಗಿಟ್ಟದ್ದಾಯಿತು. ಅಜ್ಜಿ ಕೊಚ್ಚಿದ ಸೊಪ್ಪನ್ನು ಮರಿಗಳ ಮೇಲೆ ತೆಳ್ಳಗೆ ಉದುರಿಸತೊಡಗಿದಳು. ಚೈತ್ರಾ ತಟ್ಟೆ ಹಿಡಿದುಕೊಂಡಳು.

“ಇಷ್ಟ್ ದಿನ ಯಾಕ್ ಯೋಳ್ನಿಲ್ಲ ಅಜ್ಜಿ ನೀನು?”

“ಯಾರ್ ಕೇಳುದ್ರು?” ಅಂದಳು ಅಜ್ಜಿ. ದೂರುವ ದನಿ ಅಲ್ಲ ಅದು. ಕೈ ಸೊಪ್ಪು ಉದುರಿಸುತ್ತಲೇ ಇತ್ತು.

ಚೈತ್ರಾ ಮುಂದಿನ ತಟ್ಟೆ ಎಳೆದುಕೊಂಡಳು. ಮೇಷ್ಟ್ರನ್ನು ಕೇಳಿದ್ದಳು. ತಾತನ ಜೊತೆ ಜಗಳ ಆಡಿದ್ದಳು. ಅಜ್ಜಿಯನ್ನು ಮಾತ್ರ ಒಂದು ಮಾತೂ ಕೇಳಿರಲಿಲ್ಲ. ಗೆದ್ದವಳ ಆ ಗತ್ತು ನಿಧಾನಕ್ಕೆ ಇಳಿಯಿತು.

ಕೊನೆಯ ತಟ್ಟೆಯನ್ನು ಸ್ಟ್ಯಾಂಡಿಗೆ ಸೇರಿಸಿ ಇಬ್ಬರೂ ಹೊರಗೆ ಬಂದರು.

“ಅಜ್ಜಿ, ಇನ್ನೆಲ್ಲೆಲ್ಲಿ ಜುಮ್ ಅಂತದೆ?” ಅಂತ ಚೈತ್ರಾ ಮೆಲ್ಲಗೆ ಕೇಳಿದಳು.

ಅಜ್ಜಿ ಕೈ ಕೊಡವಿಕೊಂಡು, “ಬಾ, ತೋರುಸ್ತೀನಿ,” ಅಂತ ಹಿತ್ತಿಲಿನ ಪಂಪಿನ ಕಡೆ ಹೊರಟಳು.