ಕೇಳದೆ ಎದ್ದು ಹೋದ ಭೇಟಿಗಳು

"ಎಡಗಡೆ ಎರಡನೇ ಅಂತಸ್ತಿನ ಹುಳ ಹಣ್ಣಾಗಿದೆ, ಮೋನಿಷಕ್ಕ. ಎತ್ತಬಹುದು," ಎಂದಿತು ಕೊರಳಿಗೆ ತೂಗಿದ್ದ ಮೊಬೈಲು.

ರೇಷ್ಮೆ ಹುಳು ಮೇಯುವುದನ್ನು ನಿಲ್ಲಿಸಿ, ಮೈ ತಿಳಿಯಾಗಿ, ಗೂಡು ಕಟ್ಟಲು ಸಿದ್ಧವಾದರೆ ಅದು ಹಣ್ಣಾಯಿತು ಎನ್ನುತ್ತಾರೆ. ಆ ಹೊತ್ತಿಗೆ ಸರಿಯಾಗಿ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ಮುಂಚೆ ಬಿಟ್ಟರೆ ಹುಳು ಸುಮ್ಮನೆ ಅಲೆಯುತ್ತದೆ, ತಡವಾದರೆ ನೂಲು ಪೋಲು. ಮೋನಿಷಕ್ಕ ಮರುಮಾತಿಲ್ಲದೆ ಎತ್ತತೊಡಗಿದಳು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಡಾ. ಇಂಚರಾಗೆ ಒಳಗೊಳಗೇ ಹೆಮ್ಮೆ. ಈ 'ಒಡನಾಡಿ' ಅವಳ ತಂಡದ ಕೂಸು. ಎಲ್ಲರಿಗೂ ಒಂದೇ ಪಾಠ ಒಪ್ಪಿಸುತ್ತಿದ್ದ ಹಳೆಯ ಎಐ ಸಹಾಯಕಗಳಂತಲ್ಲ. ಒಂದು ಮನೆಯ ಕಸುಬನ್ನು ಆ ಮನೆಯವರಿಂದಲೇ ಕಲಿತು ಅವರ ಜೊತೆಯಲ್ಲೇ ಪಳಗುತ್ತದೆ. ಬುದ್ಧಿ ಒಂದೇ, ರೂಪ ಎರಡು. ವೆಬ್ ರೂಪ ನಡುಮನೆಯ ದೊಡ್ಡ ಪರದೆಯಲ್ಲಿರುತ್ತದೆ. ಹೋಗಿ, ಕೂತು, ಕೇಳಿದರೆ ಮಾತ್ರ ಹೇಳುತ್ತದೆ. ಮೊಬೈಲ್ ರೂಪ ಜೊತೆಗೇ ಬರುತ್ತದೆ, ತಾನೇ ನೋಡುತ್ತದೆ, ಕೇಳುವ ಮೊದಲೇ ಹೇಳುತ್ತದೆ. ಎರಡನ್ನೂ ಇಟ್ಟುಕೊಳ್ಳುವಂತಿರಲಿಲ್ಲ. ಒಂದು ಮನೆಯ ನೆನಪನ್ನು ಕಾಪಾಡಲು ವಿಪರೀತ ವಿದ್ಯುತ್ ಬೇಕು, ಹಾಗಾಗಿ 2056ರ ನಿಯಮದಂತೆ ಮನೆಗೆ ಒಂದೇ. ಒಂದು ವರ್ಷ ಅದರ ಜೊತೆ, ಒಂದು ವರ್ಷ ಇದರ ಜೊತೆ ಬೆಳೆ ತೆಗೆದು ಯಾವುದಾದರೂ ಒಂದನ್ನು ಆರಿಸಬೇಕು. ಇನ್ನೊಂದರ ನೆನಪು ಅಳಿಸಿಹೋಗುತ್ತದೆ.

ಶಿಡ್ಲಘಟ್ಟದ ಸುತ್ತಿನ ಮುನ್ನೂರು ಮನೆಗಳು ಎರಡು ಮಾತಾಡದೆ ಮೊಬೈಲನ್ನೇ ಆರಿಸಿದ್ದವು. ಉಳಿದವಳು ಮೋನಿಷಕ್ಕ ಒಬ್ಬಳೇ. ಅವಳೂ ಹೂಂ ಎಂದುಬಿಟ್ಟರೆ ವೆಬ್ ರೂಪಕ್ಕೆ ಶಾಶ್ವತವಾಗಿ ಬೀಗ ಜಡಿಯಬಹುದು ಎಂದು ಇಂಚರಾಳೇ ಬಂದಿದ್ದಳು. ಗಡುವು ಅಂದಿಗೇ ಮುಗಿಯುತ್ತಿತ್ತು.

"ಇಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ. ಇನ್ನೇನು ಯೋಚನೆ ಅಕ್ಕಾ?" ಎಂದಳು, ಮೋನಿಷಕ್ಕ ಹೊರಗೆ ಬಂದು ಜಗಲಿಯ ಮೇಲೆ ಕೂತ ಮೇಲೆ.

"ಹೇಳಿದ್ರೆ ನಗ್ತೀರ ಮೇಡಂ. ನಿನ್ನೆ ಇದನ್ನ ಚಾರ್ಜಿಗೆ ಹಾಕಿ ಒಳಗೆ ಹೋದೆ. ಹುಳ ಕೈಗೆತ್ಕೊಂಡ್ರೆ, ಹಣ್ಣಾಗಿದ್ಯೋ ಇಲ್ವೋ ಅಂತ ಗೊತ್ತಾಗ್ಲಿಲ್ಲ. ನಮ್ಮತ್ತೆ ಕಣ್ಣು ಹೋದ್ಮೇಲೂ ಬೆರಳಲ್ಲೇ ಹೇಳ್ತಿದ್ರು. ಅವ್ರ ಹತ್ರ ಕಲ್ತಿದ್ದು ನಾನು. ಚಾರ್ಜ್ ಆಗೋವರ್ಗೂ ಹಂಗೇ ನಿಂತಿದ್ದೆ."

ಹೇಳುತ್ತಾ ಅವಳ ದನಿ ಇಳಿದುಹೋಯಿತು. ಇಪ್ಪತ್ತೈದು ವರ್ಷ ಜೊತೆಗಿದ್ದ ಕಸುಬು ಕೈಬಿಟ್ಟಿತೇನೋ ಎಂದು ಅವಳಿಗೆ ನಿಜಕ್ಕೂ ಭಯವಾಗಿತ್ತು.

"ವೆಬ್ ಇದ್ದಾಗ ಹೀಗಾಗಿರಲಿಲ್ವಾ? ಅದರ ಬುದ್ಧೀನೂ ಇದೇ ಅಲ್ವಾ?"

"ಬುದ್ಧಿ ಇದೇ ಇರ್ಬೋದು. ಆದ್ರೆ ಅದನ್ನ ಕೇಳ್ಬೇಕಂದ್ರೆ ಹುಳದ ಮನೆ ಬಿಟ್ಟು, ಅಂಗಳ ದಾಟಿ ಹೋಗ್ಬೇಕು. ವಾಪಸ್ ಬರೋವಾಗ ಮತ್ತೆ ಕೈಕಾಲಿಗೆ ಬ್ಲೀಚಿಂಗ್ ನೀರು. ತೊಳೀದೆ ಒಳಗೆ ಕಾಲಿಟ್ರೆ ಹುಳಕ್ಕೆ ರೋಗ ಬರುತ್ತೆ. ಅಷ್ಟು ರಗಳೆ ಯಾಕೆ ಅಂತ ಹೊರಡೋ ಮುಂಚೆ ಹುಳನ ಇನ್ನೊಂದ್ಸಲ ನೋಡ್ತಿದ್ದೆ. ದಾರೀಲಿ ಹೆಂಗೆ ಕೇಳ್ಬೇಕು ಅಂತ ಯೋಚಿಸ್ತಿದ್ದೆ. ಎಷ್ಟೋ ಸಲ ಪರದೆ ಮುಂದೆ ಕೂತೇಟಿಗೆ ನಂಗೇ ಹೊಳೆದು ಎದ್ ಬಂದ್ಬಿಡ್ತಿದ್ದೆ."

ಇಂಚರಾ ಅವಸರವಾಗಿ ತನ್ನ ವರದಿ ತೆರೆದಳು. ಅದರಲ್ಲಿ 'ವಿಫಲ ಭೇಟಿ' ಎಂಬ ಅಂಕಣವಿತ್ತು. ಬಳಕೆದಾರರು ಪರದೆ ತೆರೆದು ಏನನ್ನೂ ಕೇಳದೆ ಮುಚ್ಚಿದರೆ ಯಂತ್ರ ಅದನ್ನು ಅಲ್ಲಿಗೆ ಸೇರಿಸುತ್ತಿತ್ತು. ಮೋನಿಷಕ್ಕನ ಹೆಸರಿನ ಮುಂದೆ ನಾನೂರ ಹನ್ನೆರಡು. ವೆಬ್ ರೂಪ ಜನರಿಗೆ ಒಗ್ಗಲಿಲ್ಲ ಎಂದು ಅವಳ ತಂಡ ಕಡ್ಡಿ ಮುರಿದಂತೆ ಹೇಳಿದ್ದು ಇದೇ ಅಂಕಣವನ್ನು ನೋಡಿ. ಪರದೆ ಖಾಲಿ ಇದ್ದಾಗ ಅದರ ಮುಂದೆ ಒಂದು ತಲೆ ಕೆಲಸ ಮಾಡುತ್ತಿತ್ತು ಎಂಬುದು, ಅಷ್ಟೊಂದು ಓದಿಕೊಂಡ ತಂಡದ ಹದಿನಾಲ್ಕು ಮಂದಿಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಇಂಚರಾಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಕುತೂಹಲವಾಯಿತು. ಉಳಿದ ಮುನ್ನೂರು ಮನೆಗಳಲ್ಲಿ ಹೀಗೆ ಎದ್ದು ಹೋದವರಿಗೆಲ್ಲ ಏನೇನು ಹೊಳೆದಿತ್ತೋ? ಆ ಮನೆಗಳ ವೆಬ್ ನೆನಪು ಅಳಿಸಿ ಆಗಲೇ ತಿಂಗಳಾಗಿತ್ತು.

"ನಂಗೆ ನಡುಮನೇದೇ ಇರ್ಲಿ ಮೇಡಂ. ಗೂಡು ಒಂಚೂರು ಕಮ್ಮಿಯಾದ್ರೂ ಪರವಾಗಿಲ್ಲ," ಎಂದು ಮೋನಿಷಕ್ಕ ಕೊರಳಿನ ಮೊಬೈಲು ತೆಗೆದು ಅವಳ ಕೈಗಿಟ್ಟಳು.

ಇಂಚರಾ ಅದರ ನೆನಪನ್ನು ಅಳಿಸಿದಳು. ವರದಿಯಲ್ಲಿ 'ವಿಫಲ' ಎಂಬುದನ್ನೂ ಹೊಡೆದುಹಾಕಿದಳು. ಬದಲಿಗೆ ಏನು ಬರೆಯಬೇಕೆಂದು ತೋಚದೆ ಆ ಜಾಗವನ್ನು ಖಾಲಿ ಬಿಟ್ಟಳು.

"ನಿಮ್ದು ಯಾವ್ದು ಮೇಡಂ?"

"ಮೊಬೈಲೇ. 2026ರಲ್ಲಿ, ನಾನು ಐದನೇ ಕ್ಲಾಸಲ್ಲಿದ್ದಾಗ ಅಪ್ಪ ಆಗಿನ ಎಐ ಸಹಾಯಕವನ್ನ ಫೋನಿಗೆ ಹಾಕಿಕೊಟ್ರು. ಅವತ್ತಿಂದ ಒಂದಲ್ಲ ಒಂದು ಜೇಬಲ್ಲೇ ಇದೆ. ಆಗ ವೆಬ್ಬೋ ಮೊಬೈಲೋ ಅಂತ ಯಾರೂ ತಲೆ ಕೆಡಿಸ್ಕೊಳ್ತಿರಲಿಲ್ಲ. ಕೈಗೆ ಸಿಕ್ಕಿದ್ದನ್ನ ಬಳಸೋದು."

"ಮೂವತ್ತು ವರ್ಷದ ಮೇಲಾಯ್ತು ಅನ್ನಿ. ಇಷ್ಟು ವರ್ಷದಲ್ಲಿ ಯಾರನ್ನೂ ಕೇಳ್ದೆ ನಿಮಗೇ ಹೊಳೆದಿದ್ದು ಏನಿದೆ?"

ಮೋನಿಷಕ್ಕನ ಮಾತಿನಲ್ಲಿ ಕೊಂಕಿರಲಿಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು. ಇಂಚರಾ ನೆನಪು ಮಾಡಿಕೊಳ್ಳಲು ನೋಡಿದಳು. ಇದ್ದೇ ಇರಬೇಕು ಅನ್ನಿಸಿತು. ಸ್ವಲ್ಪ ಹೊತ್ತಿನ ಮೇಲೆ ಕೆಳಗೆ ನೋಡಿದರೆ, ಅವಳ ಕೈ ತನ್ನಷ್ಟಕ್ಕೆ ಜೇಬಿನಿಂದ ಮೊಬೈಲು ತೆಗೆದು ಅದೇ ಪ್ರಶ್ನೆಯನ್ನು ಅರ್ಧ ಬರೆದಿತ್ತು.